ಟ್ಯಾಂಕ್ ಫುಲ್ ಮಾಡಿಸಿದಾಗೆಲ್ಲಾ ಆಫ್ ಆಗುತ್ತಿದ್ದ ಕಾರು: ಸುಮ್ನೆ ಬದಲಿಸಿದ ಪಾರ್ಟ್‌ಗಳ ಹಣ ವಾಪಸ್ ಕೊಡುವ ಬಗ್ಗೆ

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್.

2020ರಲ್ಲಿ ಕೊಂಡ ನನ್ನ ಬಿಎಸ್6 ಪೆಟ್ರೋಲ್ ಕಾರು ಈಗ 62,000 ಕಿಲೋಮೀಟರ್ ಓಡಿದೆ. ಮೊದಲ ಫ್ರೀ ಸರ್ವಿಸ್‌ನಿಂದಲೂ ನಿಮ್ಮ ವರ್ಕ್‌ಶಾಪ್ ಬಿಟ್ಟು ಬೇರೆ ಕಡೆ ಬಾನೆಟ್ ತೆರೆಸಿರಲಿಲ್ಲ. ಕಳೆದ ವಾರ ತೆರೆಸಿದೆ. ಅದಕ್ಕೇ ಈ ಪತ್ರ.

ತೊಂದರೆ ಏನಿತ್ತು ಅಂದರೆ, ಗಾಡಿ ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಆರ್‌ಪಿಎಂ ಮುಳ್ಳು 700ರಿಂದ ಕೆಳಗೆ ಜಾರಿ, ಗಾಡಿ ಒಮ್ಮೆ ನಡುಗಿ, ಆಫ್ ಆಗಿಬಿಡುತ್ತಿತ್ತು. ಮೆಟ್ರೋಪೋಲ್ ಸರ್ಕಲ್‌ನಲ್ಲಿ ಹಿಂದಿನವರ ಹಾರ್ನ್ ಕೇಳಿಸಿಕೊಂಡು ಸೆಲ್ಫ್ ಹೊಡೆದಿದ್ದು ಎಷ್ಟು ಸಲವೋ. ಅದಾದರೂ ಬಿಡಿ. ಚಾಮುಂಡಿ ಬೆಟ್ಟ ಇಳಿಯುವಾಗ ತಿರುವಿನಲ್ಲಿ ಕ್ಲಚ್ ಒತ್ತಿದೆ, ಎಂಜಿನ್ ನಿಂತೇಹೋಯಿತು. ಸ್ಟೀರಿಂಗ್ ಗಟ್ಟಿಯಾಯಿತು. ಎರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕೂಡ ಕಲ್ಲಾಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ.

ಮೂರು ಸಲ ನಿಮ್ಮಲ್ಲಿಗೆ ತಂದೆ. ಮೂರು ಸಲವೂ ಒಂದೇ ಮಾತು ಹೇಳಿದೆ: "ಟ್ಯಾಂಕ್ ಫುಲ್ ಮಾಡಿಸಿದ ದಿನ ಜಾಸ್ತಿ ಆಗುತ್ತೆ. ಬಂಕ್‌ನಲ್ಲೇ ಒಂದೊಂದು ಸಲ ಸ್ಟಾರ್ಟ್ ಆಗಲ್ಲ. ಪೆಟ್ರೋಲ್ ಅರ್ಧಕ್ಕೆ ಬಂದ ಮೇಲೆ ತಾನೇ ಸರಿಹೋಗುತ್ತೆ." ನಿಮ್ಮ ಸರ್ವಿಸ್ ಅಡ್ವೈಸರ್ ಟ್ಯಾಬ್ ನೋಡುತ್ತಲೇ ತಲೆ ಆಡಿಸಿದರು. ಆಮೇಲೆ ಜಾಬ್ ಕಾರ್ಡ್ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ಎರಡೇ ಪದ: 'ಸ್ಟಾರ್ಟಿಂಗ್ ಪ್ರಾಬ್ಲಂ'. ಟ್ಯಾಂಕಿನ ಮಾತೇ ಇಲ್ಲ. ನಿಜವಾದ ಸುಳಿವು ಅಲ್ಲೇ ಕಳೆದುಹೋಯಿತು ಸರ್.

ಮೊದಲ ಸಲ ಥ್ರಾಟಲ್ ಬಾಡಿ, ಇಂಜೆಕ್ಟರ್ ಕ್ಲೀನಿಂಗ್, 2,360 ರೂಪಾಯಿ. ಎರಡನೇ ಸಲ ಸ್ಪಾರ್ಕ್ ಪ್ಲಗ್ ಮತ್ತು ಒಂದು ಇಗ್ನಿಷನ್ ಕಾಯಿಲ್, 5,140. ಮೂರನೇ ಸಲ ಫ್ಯೂಯಲ್ ಪಂಪ್, 9,850. ಒಟ್ಟು 17,350 ರೂಪಾಯಿ. ಮೂರನೇ ಬಿಲ್ ಕಟ್ಟಿದ ನಾಲ್ಕನೇ ದಿನಕ್ಕೆ ಬಂಕ್‌ಗೆ ಹೋದೆ, ಹೊರಗೆ ಬರುವಷ್ಟರಲ್ಲಿ ಗಾಡಿ ಮತ್ತೆ ಆಫ್. ಫೋನ್ ಮಾಡಿದರೆ ಸಿಕ್ಕ ಉತ್ತರ: "ಈಗಿನ ಪೆಟ್ರೋಲೇ ಹಂಗೆ ಸರ್, ಎಥನಾಲ್ ಜಾಸ್ತಿ. ಸ್ಕ್ಯಾನರ್‌ನಲ್ಲಿ ಯಾವ ಎರರ್ರೂ ಇಲ್ಲ." ಊರಿನ ಉಳಿದ ಕಾರುಗಳೆಲ್ಲಾ ಅದೇ ಪೆಟ್ರೋಲ್ ಕುಡಿದು ಆಫ್ ಆಗದೆ ಸಿಗ್ನಲ್‌ನಲ್ಲಿ ನಿಲ್ಲುತ್ತಿವೆ, ಅಲ್ವಾ?

ಕೊನೆಗೆ ಬನ್ನಿಮಂಟಪದ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ಮೊದಲು ಕೇಳಿದ್ದೇ, "ಯಾವಾಗ ಆಫ್ ಆಗುತ್ತೆ ಸರ್?" ಟ್ಯಾಂಕಿನ ವಿಷಯ ಹೇಳುತ್ತಿದ್ದ ಹಾಗೆ ಅವರ ಕೈ ನೇರ ಪರ್ಜ್ ವಾಲ್ವ್ ಕಡೆಗೆ ಹೋಯಿತು. ಪೆಟ್ರೋಲ್ ಟ್ಯಾಂಕಿನ ಆವಿ ಇದ್ದಿಲು ತುಂಬಿದ ಕ್ಯಾನಿಸ್ಟರ್‌ನಲ್ಲಿ ಕೂತು, ಈ ವಾಲ್ವ್ ಮೂಲಕ ಎಂಜಿನ್ನಿಗೆ ಬಂದು ಉರಿಯುತ್ತದೆ. ಕರೆಂಟ್ ಇಲ್ಲದಾಗ ವಾಲ್ವ್ ಮುಚ್ಚಿರಬೇಕು. ಅವರು ಕನೆಕ್ಟರ್ ಕಿತ್ತರು, ಗಾಡಿ ಸ್ಟಾರ್ಟ್ ಮಾಡಿಸಿದರು, ಕ್ಯಾನಿಸ್ಟರ್ ಕಡೆಯ ಪೈಪ್ ಎಳೆದು, "ಇಲ್ಲಿ ಬೆರಳಿಡಿ" ಅಂದರು. ವಾಲ್ವಿನ ಬಾಯಿಗೆ ಬೆರಳಿಟ್ಟೆ. ಜಿಗಣೆ ಹಾಗೆ ಹಿಡಿದು ಎಳೆಯಿತು. ಅಂದರೆ ವಾಲ್ವ್ ಮುಚ್ಚುತ್ತಲೇ ಇರಲಿಲ್ಲ. ಬೆರಳು ಅಲ್ಲೇ ಇರುವಷ್ಟು ಹೊತ್ತು ಎಂಜಿನ್ ನಡುಗದೆ ಓಡುತ್ತಿತ್ತು. ಅವರ ಫೋನಿಗೆ ಸೇರಿಸಿದ್ದ ಚಿಕ್ಕ ಸ್ಕ್ಯಾನರ್‌ನಲ್ಲಿ, ಪೈಪ್ ಎಳೆಯುವ ಮುಂಚೆ ಫ್ಯೂಯಲ್ ಟ್ರಿಮ್ ಮೈನಸ್ 22 ತೋರಿಸುತ್ತಿತ್ತು. ಅಂದರೆ ಆವಿ ಜಾಸ್ತಿ ಬಂತು ಅಂತ ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಮಾಡುತ್ತಲೇ ಇತ್ತು. ಬೆರಳಿಟ್ಟ ಮೇಲೆ ಅದು ಸೊನ್ನೆಯ ಆಸುಪಾಸಿಗೆ ಬಂತು. ಎರರ್ ಕೋಡ್ ಇರಲಿಲ್ಲ, ನಿಜ. ಆದರೆ ಲೈವ್ ಡೇಟಾ ಇತ್ತು. ನೋಡುವವರು ಬೇಕಿತ್ತು.

ಹೊಸ ವಾಲ್ವ್ 1,780, ಕೂಲಿ 300. ಅರ್ಧ ಗಂಟೆ ಕೆಲಸ. ಆಮೇಲೆ ಎರಡು ಸಲ ಟ್ಯಾಂಕ್ ಫುಲ್ ಮಾಡಿಸಿದ್ದೇನೆ, ಎಸಿ ಹಾಕಿಕೊಂಡೇ ಸಿಗ್ನಲ್‌ಗಳಲ್ಲಿ ನಿಂತಿದ್ದೇನೆ, ಒಂದು ಸಲವೂ ಆಫ್ ಆಗಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಂಕ್‌ನಲ್ಲಿ ಗನ್ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಿಸುವ ಚಟ ನನಗಿತ್ತು. ಹಾಗೆ ತುಂಬಿಸಿದರೆ ಪೆಟ್ರೋಲೇ ಕ್ಯಾನಿಸ್ಟರ್‌ಗೆ ನುಗ್ಗಬಹುದಂತೆ. ಅದನ್ನು ಬಿಟ್ಟಿದ್ದೇನೆ. ಇಷ್ಟು ವರ್ಷದಲ್ಲಿ ನಿಮ್ಮವರು ಯಾರಾದರೂ ಒಂದು ಮಾತು ಹೇಳಿದ್ದರೆ ಆಗಲೇ ಬಿಡುತ್ತಿದ್ದೆ.

ಪಾರ್ಟ್ ಕೆಟ್ಟಿದ್ದಕ್ಕೆ ನನ್ನ ಸಿಟ್ಟಿಲ್ಲ. ಪರೀಕ್ಷೆ ಮಾಡದೆ ಊಹೆಯ ಮೇಲೆ ಒಂದೊಂದೇ ಬದಲಿಸಿ ಬಿಲ್ ಮಾಡಿದ್ದಕ್ಕೆ ಸಿಟ್ಟು. ಪಂಪ್ ಸೋತಿದ್ದರೆ ಪೆಟ್ರೋಲ್ ಜಾಸ್ತಿ ಬೇಕಾಗುವ ಹೈವೇಯಲ್ಲಿ ಗಾಡಿ ಕೈಕೊಡಬೇಕಿತ್ತು. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಬೇಕಾಗುವುದೇ ತೀರಾ ಕಡಿಮೆ. ಕಾಯಿಲ್ ಹೋಗಿದ್ದರೆ ಏರಿನಲ್ಲಿ ಜರ್ಕ್ ಹೊಡೆಯಬೇಕಿತ್ತು. ಎರಡೂ ಇರಲಿಲ್ಲ. ಪಂಪಿನ ಪ್ರೆಷರ್ ಅಳೆದ ಒಂದು ಅಂಕಿಯೂ ಜಾಬ್ ಕಾರ್ಡ್‌ನಲ್ಲಿ ಇಲ್ಲ.

ಕ್ಲೀನಿಂಗ್ ಹಣ ಕೇಳುತ್ತಿಲ್ಲ, ಅದು ಹೇಗಿದ್ದರೂ ಮಾಡಿಸಬೇಕಿತ್ತು. ಪ್ಲಗ್‌ಗಳಿಗೂ ವಯಸ್ಸಾಗಿತ್ತು. ಕಾಯಿಲ್‌ನ 3,100 ಮತ್ತು ಪಂಪ್‌ನ 9,850, ಸೇರಿ 12,950 ರೂಪಾಯಿ 15 ದಿನದೊಳಗೆ ವಾಪಸ್ ಕೊಡಿ. ಗ್ರಾಹಕ ಹೇಳಿದ್ದನ್ನು ಅವರದೇ ಮಾತಿನಲ್ಲಿ ಜಾಬ್ ಕಾರ್ಡ್‌ನಲ್ಲಿ ಬರೆಯಿರಿ ಅಂತ ನಿಮ್ಮ ಅಡ್ವೈಸರ್‌ಗಳಿಗೂ ಹೇಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಗೆ ಹೋಗುವ ಆಸೆ ನನಗೇನೂ ಇಲ್ಲ.

ನನ್ನ ಗಾಡಿಯಿಂದ ತೆಗೆದ ಹಳೇ ಪಂಪ್, ಕಾಯಿಲ್ ನನಗೆ ಕೊಟ್ಟಿಲ್ಲ. ಇನ್ನೂ ನಿಮ್ಮಲ್ಲೇ ಇದ್ದರೆ ಎತ್ತಿಡಿಸಿ. ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ, ಮೈಸೂರು

ಜೊತೆಗಿಟ್ಟಿರುವುದು: ಮೂರು ಬಿಲ್, ಮೂರು ಜಾಬ್ ಕಾರ್ಡ್, ಗ್ಯಾರೇಜಿನಲ್ಲಿ ತೆಗೆದ ವಿಡಿಯೋ