ಕೇಳಿಸಿಕೊಳ್ಳುವವರ ಪುಟ

ಕಲಬುರಗಿ

ಪ್ರಿಯ ತಂಗಿ,

ಶಹಾಪುರದಿಂದ ನೀವು ಕಳಿಸಿದ ಗ್ರಾಫಿಕ್ ಕಾದಂಬರಿಯ ಕರಡನ್ನು ನಿಧಾನವಾಗಿ ಓದಿದೆ. ಅಪ್ಪ ಅವ್ವ ಮುಂಬೈಗೆ ಗುಳೆ ಹೋದ ಮೇಲೆ ಅಜ್ಜಿಯ ಹತ್ತಿರ ಉಳಿದ ಹುಡುಗಿ, ಅವಳ ಮೇಲೆ ಟ್ಯೂಷನ್ ಮಾಸ್ತರನೊಬ್ಬ ನಡೆಸುವ ದೌರ್ಜನ್ಯ, ಅದರಿಂದ ಅವಳು ಚೇತರಿಸಿಕೊಳ್ಳುವ ಬಗೆ: ಇದನ್ನು ಅವಳ ವಯಸ್ಸಿನವರೇ ಓದುವಂತೆ ಚಿತ್ರಗಳಲ್ಲಿ ಹೇಳಬೇಕೆಂಬ ನಿಮ್ಮ ನಿರ್ಧಾರ ಸರಿಯಾದದ್ದು. ಶಹಾಬಾದ ಕಲ್ಲಿನ ಮನೆ, ಆಳೆತ್ತರ ಬೆಳೆದ ತೊಗರಿ ಹೊಲದ ನಡುವಿನ ಕಾಲುದಾರಿ, ಇವೆಲ್ಲ ಕಂಡವರು ಬರೆದ ಹಾಗೆಯೇ ಇವೆ. ಆದರೆ ಪುಟಗಳ ಹಂಚಿಕೆ ಸರಿಯಿಲ್ಲ. ದೌರ್ಜನ್ಯಕ್ಕೆ ಇಪ್ಪತ್ತಕ್ಕೂ ಹೆಚ್ಚು ಪುಟ ಕೊಟ್ಟು, ಅವಳು ಶಾಲೆಯ ಮೇಡಂ ಒಬ್ಬರ ಮುಂದೆ ಬಾಯಿ ಬಿಡುವುದಕ್ಕೆ ಒಂದೇ ಪುಟ ಕೊಟ್ಟಿದ್ದೀರಿ. ನಾನು ಹೇಳಬೇಕಾದದ್ದೆಲ್ಲ ಆ ಒಂದು ಪುಟಕ್ಕೆ ಸಂಬಂಧಿಸಿದ್ದು.

ಇಂಥ ಪುಸ್ತಕ ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಹೋದಾಗ ಅದನ್ನು ಓದುವವರಲ್ಲಿ ನೋವು ಉಂಡವರು ಕೆಲವರಿದ್ದರೆ, ಗೆಳತಿಯ ಬಾಯಿಂದ ಅರ್ಧಮರ್ಧ ಕೇಳಿ ಏನು ಮಾಡಬೇಕೆಂದು ತಿಳಿಯದೆ ಸುಮ್ಮನಾದವರೂ ಇರುತ್ತಾರೆ. ಈ ಎರಡನೆಯವರನ್ನು ಲೇಖಕರು ಸಾಮಾನ್ಯವಾಗಿ ಮರೆಯುತ್ತಾರೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ (ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ) ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ತಿಳಿಸಿರಲಿಲ್ಲ. ಹೇಳಿದರೆ ಮುಂದೇನಾಗುತ್ತದೆ, ಕೇಳಿಸಿಕೊಂಡವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಮಗು ಎಲ್ಲಿಯೂ ಕಂಡಿರದಿದ್ದರೆ ಅದು ಬಾಯಿ ಬಿಡುವುದಾದರೂ ಹೇಗೆ? ಅದನ್ನು ಕಣ್ಣಿಗೆ ಕಾಣಿಸಬಲ್ಲದ್ದು ನಿಮ್ಮ ಪುಸ್ತಕ.

ಹಾಗಾದರೆ ದೌರ್ಜನ್ಯವನ್ನು ಎಲ್ಲಿಡಬೇಕು? ಎರಡು ಚೌಕಟ್ಟುಗಳ ನಡುವಿನ ಬಿಳಿಯ ಜಾಗದಲ್ಲಿ ಇಡಿ. ಒಂದು ಚೌಕಟ್ಟಿನಲ್ಲಿ ಮಾಸ್ತರನ ಮನೆಯ ಹೊಸ್ತಿಲಾಚೆ ಬಿಟ್ಟ ಅವಳ ಚಪ್ಪಲಿಗಳಿರಲಿ. ಮುಂದಿನದರಲ್ಲಿ ಅದೇ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡುತ್ತಿರುವ ಅವಳ ಹಿಂಬದಿ ಕಾಣಲಿ. ನಡುವಿನದನ್ನು ಓದುಗರೇ ತುಂಬಿಕೊಳ್ಳುತ್ತಾರೆ, ತಮಗೆ ತಾಳುವಷ್ಟನ್ನು ಮಾತ್ರ ತುಂಬಿಕೊಳ್ಳುತ್ತಾರೆ. ನೀವು ಬರೆದಿರುವ ಹರಿದ ಬಟ್ಟೆಯ ಚಿತ್ರ ಓದುಗರಿಗೆ ಆ ಆಯ್ಕೆಯನ್ನೇ ಕೊಡುವುದಿಲ್ಲ. ನೊಂದ ಮಗುವನ್ನು ಅದು ಮತ್ತೆ ಆ ಕೋಣೆಗೇ ಎಳೆದೊಯ್ಯುತ್ತದೆ. 2010ರಲ್ಲಿ ಬೆಂಗಳೂರಿನಿಂದ ಬಂದ ‘ಹಷ್’ ಎಂಬ ಚಿತ್ರಕಥೆ ಇದೇ ವಸ್ತುವನ್ನು ಒಂದೂ ಮಾತಿಲ್ಲದೆ ಹೇಳಿತು. ಅಂಬೇಡ್ಕರರ ಬದುಕನ್ನು ಚಿತ್ರಗಳಲ್ಲಿ ಹೇಳುವ ‘ಭೀಮಾಯಣ’ದಲ್ಲಿ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರು ಮೃದು ಮಾತಿಗೆ ಹಕ್ಕಿಯ ಆಕಾರವನ್ನೂ ಕುಟುಕುವ ಮಾತಿಗೆ ಚೇಳಿನ ಬಾಲವನ್ನೂ ಕೊಟ್ಟರು. ಅವರದನ್ನು ನಕಲು ಮಾಡಬೇಡಿ. ಆದರೆ ಬೆದರಿಕೆಯ ಮಾತು ಒಂದು ಬಗೆ, ಮೇಡಂ ಆಡುವ ಮಾತು ಇನ್ನೊಂದು ಬಗೆ ಕಾಣಬೇಕೆಂಬುದನ್ನು ಅಲ್ಲಿಂದ ಕಲಿಯಬಹುದು.

ಸಿನಿಮಾಕ್ಕಿಂತ ಈ ರೂಪವನ್ನು ನಾನು ಹೆಚ್ಚು ನಂಬುವುದಕ್ಕೆ ಕಾರಣವಿದೆ. ಸೇಡಂ ಕಡೆಯ ಹಾಸ್ಟೆಲ್ಲೊಂದರಲ್ಲಿ ಇಂಥದ್ದೇ ಕಥೆಯ ಪುಟಗಳನ್ನು ಹುಡುಗಿಯರಿಗೆ ಕೊಟ್ಟಾಗ ಒಬ್ಬಳು ಒಂದು ಚೌಕಟ್ಟಿನ ಮೇಲೆ ಅಂಗೈ ಮುಚ್ಚಿಟ್ಟುಕೊಂಡು ಉಳಿದದ್ದನ್ನೆಲ್ಲ ಓದಿದಳು. ಕೊನೆ ಮುಟ್ಟಿದ ಮೇಲೆ ಹಿಂದಕ್ಕೆ ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ಸರಿಸಿ, ಅದನ್ನೂ ನೋಡಿದಳು. ಪರದೆಯ ಮೇಲಿನ ದೃಶ್ಯಕ್ಕೆ ಹಾಗೆ ಕೈ ಅಡ್ಡ ಇಡಲಾಗದು. ಚರ್ಚೆಯ ಹೊತ್ತಿಗೂ ಇದೇ ಅನುಕೂಲ. “ನಿನಗೆ ಏನಾಗಿದೆ” ಎಂದು ಯಾವ ಮಗುವನ್ನೂ ಗುಂಪಿನಲ್ಲಿ ಕೇಳಬಾರದು. “ಈಕಿ ಈಗ ಯಾರ ಹತ್ರ ಹೋಗ್ಬೇಕು ಅಂತೀ?” ಎಂದು ಪುಟ ತೋರಿಸಿ ಕೇಳಿದರೆ ಉತ್ತರಗಳು ಬರುತ್ತವೆ, ಕೆಲವು ಉತ್ತರಗಳಲ್ಲಿ ಕೇಳಬೇಕಾದವರಿಗೆ ಕೇಳಿಸುವಷ್ಟು ಸ್ವಂತದ್ದೂ ಇರುತ್ತದೆ.

ಈಗ ಆ ಪುಟಕ್ಕೆ ಬರುತ್ತೇನೆ. ನಿಮ್ಮ ಮೇಡಂ ಹುಡುಗಿಯ ಕೈ ಹಿಡಿದು, “ಯಾರಿಗೂ ಹೇಳಂಗಿಲ್ಲ, ನಿನ್ನಾಣಿ” ಎನ್ನುತ್ತಾರೆ. ಪ್ರೀತಿಯ ಮಾತು ಹೌದು, ಆದರೆ ಅವರು ಉಳಿಸಿಕೊಳ್ಳಲಾಗದ ಮಾತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಇಂಥ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೆಯ ಕಲಮಿನಡಿ ಶಿಕ್ಷಾರ್ಹ. ಆಣೆ ಮಾಡಿ ಮರುದಿನ ಠಾಣೆಗೆ ಹೋಗುವ ಮೇಡಂ ಹುಡುಗಿಯ ಕಣ್ಣಿಗೆ ಎರಡನೆಯ ದ್ರೋಹಿಯಾಗಿ ಕಾಣುತ್ತಾರೆ. ಅವರ ಬಾಯಿಗೆ ಇಂಥ ಮಾತು ಕೊಡಿ: “ನೀ ಹೇಳಿದ್ದು ಚಲೋ ಆಯ್ತವ್ವಾ. ನಿಂದೇನೂ ತಪ್ಪಿಲ್ಲ. ಆದ್ರ ಇದು ನಾ ಒಬ್ಬಾಕಿನೇ ಇಟ್ಕೊಳ್ಳೋ ಮಾತಲ್ಲ. ಯಾರಿಗಿ ಹೇಳ್ತೀನಿ, ಯಾಕ ಹೇಳ್ತೀನಿ ಅಂತ ಮೊದ್ಲು ನಿನಗೇ ಹೇಳ್ತೀನಿ.” ಈ ನಾಲ್ಕು ಸಾಲಿಗೆ ನಾಲ್ಕು ಪುಟ ತೆಗೆದುಕೊಳ್ಳಿ. ಮೇಡಂ ಕುರ್ಚಿ ಬಿಟ್ಟು ಅವಳ ಪಕ್ಕದ ಬೆಂಚಿಗೆ ಬಂದು ಕೂರುವುದು, ಬಾಗಿಲು ಅರ್ಧ ತೆರೆದೇ ಇರುವುದು, ಅವಳು ಮಾತಾಡದ ಹೊತ್ತಿನಲ್ಲಿ ಮೇಡಂ ಸಹ ಮಾತಾಡದಿರುವುದು, ಎಲ್ಲವನ್ನೂ ಬರೆಯಿರಿ. ಓದುವ ಗೆಳತಿಯರೂ ಶಿಕ್ಷಕರೂ ಕಲಿಯುವುದು ಇಲ್ಲಿಯೇ.

ಠಾಣೆಯ ಪುಟವನ್ನು ಪೂರ್ತಿ ಬದಲಿಸಿ. ಖಾಕಿ, ಲಾಠಿ, ಮೇಜು ಕುಟ್ಟುವ ಸಾಹೇಬ, ಇದು ಓದುವ ಮಗುವಿನ ಬಾಯಿ ಕಟ್ಟುವ ಚಿತ್ರ. ಕಾನೂನು ಹೇಳುವುದೇ ಬೇರೆ: ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಇಷ್ಟಪಟ್ಟ ಜಾಗದಲ್ಲೋ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಎಲ್ಲೆಡೆ ಹೀಗೆಯೇ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಹೀಗೆ ನಡೆಯಬೇಕೆಂದು ಗೊತ್ತಿದ್ದ ಮಗು ಮತ್ತು ಅದರ ಅಜ್ಜಿ ಅದನ್ನು ಕೇಳಿ ಪಡೆಯಬಲ್ಲರು.

ನಿಮ್ಮ ಓಣಿಯಲ್ಲೇ ನಡೆದ ಸಂಗತಿ ಎಂದು ಬರೆದಿದ್ದೀರಿ. ಹಾಗಿದ್ದರೆ ಊರು, ಮನೆತನ, ಶಾಲೆ ಎಲ್ಲವನ್ನೂ ಬದಲಿಸಿ. ಹೆಸರು ಬದಲಿಸಿದರೆ ಸಾಲದು. ಬಾವಿಯ ಪಕ್ಕದ ಹನುಮಪ್ಪನ ಗುಡಿ ಕಂಡರೆ ಸಾಕು, ಯಾರ ಮಗಳೆಂದು ನಿಮ್ಮ ಊರಿನವರೆಲ್ಲ ಹೇಳಬಲ್ಲರು. ಮಗುವಿನ ಗುರುತು ಹೊರಬೀಳಿಸುವುದನ್ನು ಆ ಕಾಯ್ದೆಯೂ ನಿಷೇಧಿಸುತ್ತದೆ.

ಹುಡುಗರನ್ನು ಮರೆಯಬೇಡಿ. ನಾನು ಹೇಳಿದ ಆ ಅಧ್ಯಯನದಲ್ಲಿ ದೌರ್ಜನ್ಯ ಎದುರಿಸಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಹುಡುಗರೇ ಇದ್ದರು. ನಿಮ್ಮ ಕಥೆಯಲ್ಲಿ ಅದೇ ಟ್ಯೂಷನ್ನಿಗೆ ಹೋಗುವ ಹುಡುಗನೊಬ್ಬ ಮೂಲೆಯಲ್ಲಿ ಕೂತಿದ್ದಾನೆ. ಅವನೇಕೆ ಯಾವಾಗಲೂ ಕೊನೆಯವನಾಗಿ ಹೊರಗೆ ಬರುತ್ತಾನೆಂದು ನೀವು ಹೇಳಿಲ್ಲ. ಹೇಳದಿದ್ದರೂ ನಡೆದೀತು, ಆದರೆ ಹುಡುಗಿ ಒಮ್ಮೆ ಅವನತ್ತ ತಿರುಗಿ ನೋಡಲಿ.

ಕೊನೆಯ ಪುಟದಲ್ಲಿ ನ್ಯಾಯಾಧೀಶರು ಶಿಕ್ಷೆ ವಿಧಿಸುತ್ತಾರೆ, ಹುಡುಗಿ ನಗುತ್ತಾಳೆ. ಇದನ್ನು ನಾನು ಒಪ್ಪಲಾರೆ. ಮಾನಸಿಕ ಆಘಾತದಿಂದ ಚೇತರಿಸಿಕೊಳ್ಳುವ ಬಗೆಯನ್ನು ಕುರಿತು 1992ರಲ್ಲಿ ಬರೆದ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಮೊದಲ ಹಂತವೆಂದು ಹೇಳಿದ್ದು ಸುರಕ್ಷತೆಯನ್ನು. ನೆನೆದು ದುಃಖಿಸುವುದು ಅದರ ನಂತರ, ಮತ್ತೆ ಜನರೊಡನೆ ಬೆರೆಯುವುದು ಅದಕ್ಕೂ ನಂತರ. ತೀರ್ಪು ಬಂದರೂ ಬಾರದಿದ್ದರೂ ನಿಮ್ಮ ಹುಡುಗಿಗೆ ರಾತ್ರಿ ನಿದ್ದೆ ಬರಬೇಕು. ಅಜ್ಜಿ ಹಾಸಿಗೆಯನ್ನು ಅವಳ ಪಕ್ಕಕ್ಕೆ ಎಳೆದುಕೊಳ್ಳುವುದು, ಗಣಿತದ ಪರೀಕ್ಷೆಯಲ್ಲಿ ಅವಳು ಹಿಂದೆ ಬೀಳುವುದು, ಖೋಖೋ ಆಡುವಾಗ ಬೆನ್ನ ಮೇಲೆ ಕೈ ಬಿದ್ದೊಡನೆ ಬೆಚ್ಚಿ ಕೂರುವುದು, ತಿಂಗಳುಗಳ ನಂತರ ಅದೇ ಆಟದಲ್ಲಿ ಬೆಚ್ಚದೆ ಎದ್ದು ಓಡುವುದು, ಇವು ಚೇತರಿಕೆಯ ಪುಟಗಳು. ನಡುವೆ ಒಂದು ಕೆಟ್ಟ ದಿನ ಮತ್ತೆ ಬರಲಿ. ಬಂದರೆ ತಾನು ಸೋತೆನೆಂದು ಓದುವ ಮಗು ತಿಳಿಯದಿರಲಿ.

ಪ್ರಕಾಶಕರು ಸಿಗುವವರೆಗೆ ಕಾಯಬೇಡಿ. ಎರಡು ಎ4 ಹಾಳೆ ಜೋಡಿಸಿ ನಾಲ್ಕು ಚೌಕಟ್ಟಿನ ಗೋಡೆ ಕಾಮಿಕ್ಸ್ ಮಾಡಿ, ಜೆರಾಕ್ಸ್ ತೆಗೆಸಿ ಹಂಚುವ ಪದ್ಧತಿಯನ್ನು ವರ್ಲ್ಡ್ ಕಾಮಿಕ್ಸ್ ಇಂಡಿಯಾ ದೇಶದ ಹಲವೆಡೆ ಕಲಿಸಿದೆ. ಮೇಡಂ ಮತ್ತು ಹುಡುಗಿಯ ಮಾತನ್ನಷ್ಟೇ ಹಾಗೆ ಮಾಡಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೂ ನವೆಂಬರಿನ ಮಕ್ಕಳ ಗ್ರಾಮಸಭೆಗೂ ಒಯ್ಯಬಹುದು. ಕೆಳಗೆ ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಎರಡನ್ನೂ ದೊಡ್ಡದಾಗಿ ಅಚ್ಚು ಹಾಕಿಸಿ.

ಹೊಸ ಪುಟಗಳು ಸಿದ್ಧವಾದ ಮೇಲೆ ಸೇಡಂ ಕಡೆಯ ಅದೇ ಹಾಸ್ಟೆಲ್ಲಿನಲ್ಲಿ ಓದಿಸೋಣ. ಆಪ್ತ ಸಮಾಲೋಚಕಿಯೊಬ್ಬರು ಅಂದು ಇಡೀ ದಿನ ಅಲ್ಲಿರಲು ಒಪ್ಪಿದ್ದಾರೆ. ಅವರಿಲ್ಲದೆ ಓದಿಸುವುದು ಬೇಡ. ಓದು ಮುಗಿದ ಮೇಲೆ ಊಟದವರೆಗೆ ಬೇರೆ ಕಾರ್ಯಕ್ರಮ ಇಡಬೇಡಿರೆಂದು ವಾರ್ಡನ್‌ಗೆ ಹೇಳಿದ್ದೇನೆ, ಯಾಕೆಂದರೆ ಒಬ್ಬರೋ ಇಬ್ಬರೋ ತಟ್ಟೆ ತೊಳೆಯುವ ನೆಪದಲ್ಲಿ ಹಿಂದೆ ಉಳಿದು ಮಾತಿಗೆ ಬರುತ್ತಾರೆ.

ಇಂತಿ,
ನಿಮ್ಮ ಅಕ್ಕ