ಮಗಳಿಗೊಂದು ಪತ್ರ: ಹಸಿದುಕೊಂಡು ಇರಬೇಡ

ಪ್ರೀತಿಯ ಪುಟ್ಟಿ,

ಫೋನ್ ಮಾಡಿದಾಗಲೆಲ್ಲ ನಿನ್ನ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ನೀನು ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಬಿಡಿಸಿ ಕೇಳುವುದಿಲ್ಲ. ಅದಕ್ಕೇ, ದೊಡ್ಡ ಕರುಳು ತೆಗೆದ ಆಪರೇಷನ್ ಆದಮೇಲೆ ಹೇಗೆ ಇರಬೇಕು ಅನ್ನುವುದನ್ನು ಕೂತು ಬರೆಯುತ್ತಿದ್ದೇನೆ.

ಬ್ಯಾಂಕಿಗೆ ಹೋಗಬೇಕಿದ್ದ ದಿನ ಬರೀ ಕಾಫಿ ಕುಡಿದು ಹೊರಟೆ ಅಂದೆಯಲ್ಲ, "ತಿಂದರೆ ತಾನೇ ಹೋಗಬೇಕಾಗೋದು" ಅಂತ. ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಟಾಯ್ಲೆಟ್‌ಗೆ ಹೆದರಿ ಊಟ ಬಿಡಬೇಡ ಮಗಳೇ. ಈ ಪತ್ರದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡ.

ಹೊಟ್ಟೆ ಖಾಲಿ ಬಿಟ್ಟರೆ ಪೌಚ್, ಅಂದರೆ ಒಳಗೆ ಕರುಳಿನಲ್ಲೇ ಮಾಡಿರುವ ಚೀಲ, ಸುಮ್ಮನೆ ಇರುವುದಿಲ್ಲ. ನೀನು ತಿನ್ನು, ಬಿಡು, ಪಿತ್ತ ಮತ್ತು ಜೀರ್ಣರಸ ಇಳಿಯುತ್ತಲೇ ಇರುತ್ತವೆ. ಅವಕ್ಕೆ ಬೆರೆತುಕೊಳ್ಳಲು ಅನ್ನ ಇಲ್ಲದಿದ್ದರೆ ಬರೀ ನೀರು ಹೋಗುತ್ತದೆ. ಗ್ಯಾಸ್ ಜಾಸ್ತಿಯಾಗುತ್ತದೆ, ಉರಿಯೂ ಜಾಸ್ತಿ. ಕಾಫಿ ಕರುಳನ್ನು ಇನ್ನಷ್ಟು ಓಡಿಸುತ್ತದೆ. ಎರಡು ಸಲ ಕಡಿಮೆ ಹೋಗಲೆಂದು ಉಪವಾಸ ಮಾಡಿ ನಾಲ್ಕು ಸಲ ಜಾಸ್ತಿ ಹೋದ ಹಾಗಾಗುತ್ತದೆ. ಮೇಲಾಗಿ ನಿನ್ನ ಗಾಯ ಇನ್ನೂ ಒಳಗಿನಿಂದ ಮಾಗಬೇಕು. ಊಟವಿಲ್ಲದೆ ಅದು ಎಲ್ಲಿಂದ ಮಾಗುತ್ತದೆ ಹೇಳು?

ಒಳಗೆ ಏನು ಮಾಡಿದ್ದಾರೆ ಅನ್ನುವುದನ್ನು ಇನ್ನೊಂದು ಸಲ ಹೇಳುತ್ತೇನೆ. ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ಕೊನೆಯ ಸುಮಾರು 30–40 ಸೆಂಟಿಮೀಟರ್ ಭಾಗವನ್ನು ಮಡಚಿ ಚೀಲ ಮಾಡಿದ್ದಾರೆ. ನೋಡಲು ಇಂಗ್ಲಿಷಿನ ಜೆ ಅಕ್ಷರದ ಹಾಗೆ ಇರುವುದರಿಂದ ಜೆ-ಪೌಚ್ ಅನ್ನುತ್ತಾರೆ. ಆ ಕರುಳಿಗೆ ನೀನು ಹುಟ್ಟಿದಾಗಿನಿಂದ ಗೊತ್ತಿದ್ದ ಕೆಲಸ ಸಾರ ಹೀರಿಕೊಂಡು ಮುಂದಕ್ಕೆ ತಳ್ಳುವುದು. ಈಗ ಏಕಾಏಕಿ "ಹಿಡಿದಿಟ್ಟುಕೋ" ಅನ್ನುತ್ತಿದ್ದೇವೆ. ಮಲ ತುಂಬಿಕೊಳ್ಳಲು ಹೊಟ್ಟೆಯ ಮೇಲೆ ಹಾಕಿದ್ದ ಬ್ಯಾಗ್ ತೆಗೆದು ಅಲ್ಲಿನ ದಾರಿ ಮುಚ್ಚಿದ ಮೊದಲ ವಾರಗಳಲ್ಲಿ ದಿನಕ್ಕೆ 10–15 ಸಲ ಹೋಗುವುದು ಅದಕ್ಕೇ. ಪೌಚ್ ನಿಧಾನವಾಗಿ ಹಿಗ್ಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಹೆಚ್ಚಿನವರಿಗೆ ರಾತ್ರಿ ಹಗಲು ಸೇರಿ 4–8 ಸಲಕ್ಕೆ ಬಂದು ನಿಲ್ಲುತ್ತದೆ. ಮೊದಲಿನ ಹಾಗೆ ದಿನಕ್ಕೆ ಒಂದೇ ಸಲ ಅನ್ನುವುದು ಇನ್ನಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ದೊಡ್ಡ ಕರುಳು ಊದಿಕೊಂಡು ಹುಣ್ಣಾಗುವ ಆ ಕೊಲೈಟಿಸ್ ಇದ್ದಾಗ ಬಸ್ಸಿನಲ್ಲಿ ಎರಡು ನಿಮಿಷವೂ ತಡೆಯಲಾರದೆ ಅಳುತ್ತಿದ್ದೆಯಲ್ಲ, ಆ ರಕ್ತ, ಆ ನೋವು, ಆ ಸ್ಟೆರಾಯ್ಡ್ ಮಾತ್ರೆಗಳು ಹೋಗಿವೆ. ಬಂದಾಗ ಸ್ವಲ್ಪ ಹೊತ್ತು ತಡೆದುಕೊಂಡು ಆಮೇಲೆ ಹೋಗುವ ಶಕ್ತಿಯೂ ಬರುತ್ತದೆ.

ನೀನು ಪುಸ್ತಕದಲ್ಲಿ ಗೆರೆ ಹಾಕಿ ಎಣಿಸುತ್ತಿದ್ದೀಯ ಅಂತ ಅಳಿಯಂದಿರು ಹೇಳಿದರು. ಎಣಿಸು, ಡಾಕ್ಟರಿಗೆ ಅದು ಬೇಕು. ಆದರೆ ದಿನಾ ರಾತ್ರಿ ಅದನ್ನೇ ನೋಡಿಕೊಂಡು ಕೂರಬೇಡ. ಪಕ್ಕದಲ್ಲಿ ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ ಅನ್ನುವುದನ್ನೂ ಬರೆ. ವಾರಕ್ಕೊಮ್ಮೆ ತೆರೆದು ನೋಡು. ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಅನ್ನುವುದು ಆಗ ಕಾಣುತ್ತದೆ.

"ಬ್ಯಾಗ್ ಇದ್ದಾಗಲೇ ಚೆನ್ನಾಗಿತ್ತಮ್ಮ" ಅಂದೆ. ಈ ಹೊತ್ತಿನಲ್ಲಿ ಹಾಗೆ ಅನ್ನಿಸುವುದು ಸಹಜ, ಬಹಳ ಜನಕ್ಕೆ ಅನ್ನಿಸುತ್ತದೆ. ಬ್ಯಾಗ್ ನಿನ್ನನ್ನು ಕಾಪಾಡಿತು, ಅದಕ್ಕೆ ನನ್ನ ಋಣವಿದೆ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಪೌಚ್ ಅನ್ನುವ ಹೆಸರನ್ನೂ ಕೇಳಿರಲಿಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಪಾರ್ಕ್ಸ್ ಮತ್ತು ನಿಕೋಲ್ಸ್ ಎಂಬ ಸರ್ಜನ್‌ಗಳು ಇದನ್ನು ಮೊದಲು ವಿವರಿಸಿದ್ದು 1978ರಲ್ಲಿ. ನಿನಗೆ ಮಾಡಿರುವ ಜೆ ಆಕಾರದ್ದನ್ನು ಜಪಾನಿನ ಉತ್ಸುನೋಮಿಯಾ ಅವರು 1980ರಲ್ಲಿ ಬರೆದರು. ಅದಕ್ಕೂ ಮುಂಚೆ ನಿನ್ನಂಥ ಹೆಚ್ಚಿನವರಿಗೆ ಜೀವನಪೂರ್ತಿ ಬ್ಯಾಗ್. ಪೌಚ್ ಒಗ್ಗದ ಕೆಲವರು ಈಗಲೂ ಬ್ಯಾಗಿಗೇ ಮರಳುತ್ತಾರೆ, ಹಾಗೆ ಮರಳಿ ಚೆನ್ನಾಗಿಯೇ ಇರುತ್ತಾರೆ. ಆ ದಾರಿ ಎಲ್ಲೂ ಹೋಗುವುದಿಲ್ಲ. ಆದರೆ ಅದನ್ನು ತೀರ್ಮಾನಿಸುವ ಹೊತ್ತು ಇದಲ್ಲ.

ಇನ್ನು ನೀರು. ನೀರು, ಉಪ್ಪು ಹೀರಿಕೊಳ್ಳುತ್ತಿದ್ದ ದೊಡ್ಡ ಕರುಳು ಈಗ ಇಲ್ಲ. ಬರೀ ನೀರನ್ನೇ ಲೋಟಗಟ್ಟಲೆ ಕುಡಿದರೆ ಸಾಲದು, ಉಪ್ಪೂ ಬೇಕು. ಜ್ಯೂಸ್, ಕೂಲ್ ಡ್ರಿಂಕ್ಸ್ ಬೇಡ, ಸಕ್ಕರೆ ಜಾಸ್ತಿಯಾದರೆ ಇನ್ನೂ ನೀರಾಗಿ ಹೋಗುತ್ತದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಚಿಟಿಕೆ ಉಪ್ಪು ಹಾಕಿಕೋ. ಎಲ್ಲಕ್ಕಿಂತ ಮೇಲು ಓಆರ್‌ಎಸ್. ದೊಡ್ಡ ಪ್ಯಾಕೆಟ್ಟಿನ ಪುಡಿಯನ್ನು ಪೂರ್ತಿ ಒಂದು ಲೀಟರಿಗೆ ಹಾಕು, ರುಚಿ ನೋಡಿ ಅಂದಾಜಿನಲ್ಲಿ ಬೆರೆಸಬೇಡ. ಬರೀ ಉಪ್ಪು ಸಕ್ಕರೆ ನೀರು ತಾನೇ ಅಂತ ಹಗುರವಾಗಿ ನೋಡಬೇಡ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ, ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ, ಕಾಲರಾ ಹಬ್ಬಿ ಸಲೈನ್ ಬಾಟಲಿ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಗ್ಲೂಕೋಸ್ ತನ್ನ ಜೊತೆ ಉಪ್ಪನ್ನು ಸಣ್ಣ ಕರುಳಿನ ಗೋಡೆ ದಾಟಿಸುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ನಿನಗೆ ಸಣ್ಣ ಕರುಳು ಇದೆಯಲ್ಲ, ಅದಕ್ಕೆ ನಿನಗೂ ಕೆಲಸ ಮಾಡುತ್ತದೆ. ಗುಟುಕು ಗುಟುಕಾಗಿ ದಿನವಿಡೀ ಕುಡಿ. ಮೂತ್ರ ಗಾಢ ಹಳದಿಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಸಾಲುತ್ತಿಲ್ಲ ಅಂತ ಅರ್ಥ.

ಊಟ ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಮೆತ್ತಗಿನ ಅನ್ನ, ಮೊಸರನ್ನ, ಇಡ್ಲಿ, ಸಬ್ಬಕ್ಕಿ ಗಂಜಿ, ಸಿಪ್ಪೆ ತೆಗೆದು ಬೇಯಿಸಿದ ಆಲೂಗೆಡ್ಡೆ, ಬಾಳೆಹಣ್ಣು. ಇವೆಲ್ಲ ಗಟ್ಟಿ ಮಾಡುತ್ತವೆ. ಮೊಟ್ಟೆ ತಿನ್ನುತ್ತೀಯಲ್ಲ, ಚೆನ್ನಾಗಿ ಬೇಯಿಸಿ ತಿನ್ನು. ನಮ್ಮ ಮಲೆನಾಡಿನ ಅಡುಗೆಯಲ್ಲಿ ಕಷ್ಟವಾಗುವುದು ತೆಂಗಿನಕಾಯಿ. ಪಲ್ಯಕ್ಕೂ ಕಾಯಿತುರಿ, ಚಟ್ನಿಗೂ ಕಾಯಿತುರಿ. ಅದು ಪೂರ್ತಿ ಜೀರ್ಣವಾಗದೆ, ಇನ್ನೂ ಊದಿಕೊಂಡಿರುವ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಅಣಬೆ, ಮೆಕ್ಕೆಜೋಳದ ಕಾಳು, ಕಡಲೆಬೀಜ, ಹಲಸಿನಹಣ್ಣು, ಕಳಲೆ ಸಹ ಈಗ ಬೇಡ. ನೀನಿಲ್ಲಿದ್ದಾಗ ಮಾಡಿಕೊಡುತ್ತಿದ್ದ ಜೀರಿಗೆ ತಂಬುಳಿಯನ್ನೇ ಮಾಡಿಕೋ. ಅರ್ಧ ಚಮಚ ಜೀರಿಗೆಯನ್ನು ತುಪ್ಪದಲ್ಲಿ ಹುರಿದು, ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕಡೆದ ಮಜ್ಜಿಗೆಗೆ ಸೇರಿಸಿ ಉಪ್ಪು ಹಾಕು. ಕಾಯಿ ಬೇಡ, ಮೆಣಸೂ ಬೇಡ. ಬಿಸಿ ಅನ್ನಕ್ಕೆ ಚೆನ್ನಾಗಿರುತ್ತದೆ. ಖಾರ ಒಳಗೆ ಹೋಗುವಾಗ ಮಾತ್ರ ಅಲ್ಲ, ಹೊರಗೆ ಬರುವಾಗಲೂ ಉರಿಸುತ್ತದೆ. ನಿಮ್ಮ ಅತ್ತೆಗೆ ಬೇಜಾರಾಗುತ್ತದೆ ಅಂತ ಸಾರು ಬಡಿಸಿಕೊಳ್ಳಬೇಡ. ನಾನೇ ಅವರ ಹತ್ತಿರ ಮಾತಾಡುತ್ತೇನೆ. ಏನೇ ತಿಂದರೂ ಬಾಯಲ್ಲೇ ಗಂಜಿಯಾಗುವಷ್ಟು ಅಗಿ.

ರಾತ್ರಿ ಊಟ ಏಳು ಗಂಟೆಗೆ ಮುಗಿಸು. ನಿದ್ದೆಯಲ್ಲಿ ಗುದದ ಸ್ನಾಯು ಸಡಿಲವಾಗುವುದರಿಂದ ಸ್ವಲ್ಪ ಸೋರಬಹುದು, ಈಗ ಅದು ಬಹಳ ಜನಕ್ಕೆ ಆಗುವಂಥದ್ದು. ಪ್ಯಾಡ್ ಹಾಕಿಕೋ, ಹಾಸಿಗೆಗೆ ರಬ್ಬರ್ ಶೀಟ್ ಹಾಕು. ಗಂಡನಿಂದ ಮುಚ್ಚಿಟ್ಟು ನಡುರಾತ್ರಿ ಒಬ್ಬಳೇ ಬೆಡ್‌ಶೀಟ್ ಒಗೆಯುತ್ತಾ ಕೂರಬೇಡ. ಡಾಕ್ಟರು ಸರಿ ಅಂದಮೇಲೆ ಆ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ದಿನಾ ಮಾಡು.

ಉರಿಯ ಬಗ್ಗೆ ನೀನು ಹೇಳಲೇ ಇಲ್ಲ. ಆದರೆ ವಿಡಿಯೋ ಕಾಲ್‌ನಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತಿದ್ದನ್ನು ನೋಡಿದೆ. ಚರ್ಮ ಸುಲಿಯುವವರೆಗೂ ಕಾಯಬಾರದು. ಹೆಲ್ತ್ ಫಾಸೆಟ್ ಜೋರಾಗಿ ಬಿಡಬೇಡ, ಮಗ್ಗಿನಿಂದ ಉಗುರುಬೆಚ್ಚಗಿನ ನೀರು ಹಾಕಿ ತೊಳೆ. ಸೋಪು ಬೇಡ. ಹಳೇ ಕಾಟನ್ ಸೀರೆಯ ತುಂಡಿನಿಂದ ಒತ್ತಿ ಒತ್ತಿ ಒಣಗಿಸು, ಉಜ್ಜಬೇಡ. ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಸವರು. ಮುಂದಿನ ಸಲ ಹಳೇ ಕ್ರೀಮನ್ನು ಕೆರೆದು ತೆಗೆಯುವುದು ಬೇಕಿಲ್ಲ, ಕೊಳೆ ಮಾತ್ರ ಹೋಗಲಿ, ಮೇಲೆ ಮತ್ತೆ ಸವರು. ಮೆತ್ತಗಿನ ಸೀರೆ ತುಂಡುಗಳನ್ನು ಒಗೆದು ಹೊಲಿದು ಇಟ್ಟಿದ್ದೇನೆ, ನಿನ್ನ ಸೋದರಮಾವ ಮೈಸೂರಿಗೆ ಬರುವಾಗ ತರುತ್ತಾನೆ.

ಕರುಳಿನ ಓಟ ನಿಧಾನ ಮಾಡುವ ಲೋಪೆರಮೈಡ್ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆಯೇ ತಗೋ, ಆಮೇಲೆ ಅಲ್ಲ. ಎಷ್ಟು ಅನ್ನುವುದನ್ನು ಡಾಕ್ಟರು ಹೇಳಿದ ಹಾಗೇ. ನೋವಿಗೆ ಪ್ಯಾರಸಿಟಮಾಲ್. ಡೈಕ್ಲೋಫೆನಾಕ್, ಐಬುಪ್ರೊಫೆನ್ ಪೌಚಿಗೆ ಒಳ್ಳೆಯದಲ್ಲ, ಅಂಗಡಿಯವರು ಕೊಟ್ಟರೂ ವಾಪಸ್ ಕೊಡು. ಯಾರೋ ಹೇಳಿದರು ಅಂತ ಲೇಹ್ಯ, ಕಷಾಯ ಶುರು ಮಾಡಬೇಡ.

ಜ್ವರ ಬಂದರೆ, ವಾಂತಿಯಾದರೆ, ಹೊಟ್ಟೆ ಉಬ್ಬಿ ಹಿಂಡಿದ ಹಾಗೆ ನೋವಾದರೆ, ಇದ್ದಕ್ಕಿದ್ದಂತೆ ಏನೂ ಹೋಗದೆ ನಿಂತುಬಿಟ್ಟರೆ, ರಕ್ತ ಕಂಡರೆ, ಬೆಳಗಾಗಲಿ ಅಂತ ಕಾಯಬೇಡ. ಗಂಡನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡು. ಡಿಸ್ಚಾರ್ಜ್ ಪೇಪರಿನ ಫೋಟೋ ಇಬ್ಬರ ಫೋನಿನಲ್ಲೂ ಇರಲಿ. ದಾರಿಯಲ್ಲಿ ನನಗೊಂದು ಫೋನ್ ಮಾಡು, ಬೆಳಗಿನ ಮೊದಲ ಬಸ್ಸಿಗೆ ನಾನು ಬರುತ್ತೇನೆ.

ನಿನ್ನ ಅಮ್ಮ