ಕಾರಿಗಿಂತ ಮೊದಲು ಅಂಗಳದ ಅರ್ಥ್ ಗುಂಡಿ ನೋಡಿ

ಮಾನ್ಯ ಸಂಪಾದಕರಿಗೆ,

ಪೆಟ್ರೋಲ್ ಕಾರು ಬಿಟ್ಟು ಎಲೆಕ್ಟ್ರಿಕ್ ಕಾರಿಗೆ ಹೋಗಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಮ್ಮ ಜಿಲ್ಲೆಯವರ ಬಾಯಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಇಲ್ಲಿನ ಮಳೆಗೆ ಬ್ಯಾಟರಿ ಕಾರು ತಡೆಯುವುದಿಲ್ಲ ಎನ್ನುವುದು ಒಂದು. ಉಡುಪಿ ಜಿಲ್ಲೆಯ ಎಲ್ಲೂರಿನ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ಬಂದ ಕರೆಂಟಿನಲ್ಲಿ ಓಡುವ ಕಾರು ಹಸಿರು ಹೇಗಾದೀತು ಎನ್ನುವುದು ಇನ್ನೊಂದು. ಎರಡಕ್ಕೂ ಮುಂದೆ ಬರುತ್ತೇನೆ. ಆದರೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಚಾರ್ಜಿಂಗ್ ಕೈಕೊಡುವುದು ಬಹುಪಾಲು ಅಂಗಳದ ಮೂಲೆಯಲ್ಲಿ ಹುಲ್ಲು ಬೆಳೆದು ಮರೆತೇ ಹೋದ ಅರ್ಥ್ ಗುಂಡಿಯಿಂದ, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಲೋಹದ ಪೈಪು ಹೂತ ಗುಂಡಿಯಿಂದ. ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ನಮ್ಮ ನೆಲ ಮುರಕಲ್ಲಿನದು. ಮೇಲೆ ಗಟ್ಟಿ ಕೆಂಪುಕಲ್ಲು, ಕೆಳಗೆ ಶೇಡಿ ಮಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಲ್ಲು ನೀರು ಕುಡಿದು ನಿಂತಿರುತ್ತದೆ. ಆಗ ಅರ್ಥ್‌ನ ತಡೆಯನ್ನು ಓಮ್‌ನಲ್ಲಿ ಅಳೆದರೆ ಮೀಟರ್ ಒಳ್ಳೆಯ, ಅಂದರೆ ಕಡಿಮೆ ಅಂಕಿಯನ್ನೇ ತೋರಿಸುತ್ತದೆ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ನೀರು ಬಸಿದು ಹೋಗುತ್ತದೆ, ಎಪ್ರಿಲ್ ಹೊತ್ತಿಗೆ ಅದೇ ಗುಂಡಿಯ ಸುತ್ತ ಕಲ್ಲು ಒಣಗಿ ಹೆಂಚಿನಂತಾಗಿರುತ್ತದೆ. ಮಳೆಗಾಲದಲ್ಲಿ 4 ಓಮ್ ಇದ್ದದ್ದು ಬೇಸಿಗೆಯಲ್ಲಿ ಹತ್ತಾರು ಓಮ್‌ಗೆ ಏರುವುದು ಈ ನೆಲದ ಸ್ವಭಾವ. ಫ್ಯಾನ್, ಫ್ರಿಜ್, ಮಿಕ್ಸಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಕಾರಿನ ಚಾರ್ಜರ್ ಕರೆಂಟ್ ಎಳೆಯುವ ಮೊದಲು ಅರ್ಥ್ ಸರಿಯಿದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಕೆಂಪು ದೀಪ ಹಚ್ಚಿ ಸುಮ್ಮನಾಗುತ್ತದೆ. ಮಾಲೀಕರು ಕಂಪನಿಯನ್ನು ಬೈಯುತ್ತಾರೆ, ಕಂಪನಿಯವರು ಮನೆಯ ವಯರಿಂಗ್ ತೋರಿಸುತ್ತಾರೆ. ಇಲ್ಲಿ ಕಂಪನಿಯವರ ಮಾತೇ ಸರಿ.

ಇದಕ್ಕೆ ಕೆಲವರು ಮಾಡುವ ಉಪಾಯದ ಬಗ್ಗೆ ಹೇಳಲೆಂದೇ ಮುಖ್ಯವಾಗಿ ಈ ಪತ್ರ. ಸಾಕೆಟ್ ಬಿಚ್ಚಿ, ಮೇಲಿನ ದಪ್ಪ ಅರ್ಥ್ ಪಿನ್ನಿನ ವಯರನ್ನು ಕಳಚಿ, ಅಲ್ಲಿಂದ ನ್ಯೂಟ್ರಲ್‌ಗೆ (ಕರೆಂಟು ವಾಪಸು ಹೋಗುವ ತಂತಿಗೆ) ಎರಡಿಂಚಿನ ತುಂಡು ವಯರು ಜೋಡಿಸುತ್ತಾರೆ. ಚಾರ್ಜರ್‌ಗೆ ಮೋಸವಾಗುತ್ತದೆ, ಹಸಿರು ದೀಪ ಉರಿಯುತ್ತದೆ, ಎಲ್ಲರಿಗೂ ಖುಷಿ. ಈಗ ಕಾರಿನ ಇಡೀ ಲೋಹದ ಮೈ ನ್ಯೂಟ್ರಲ್‌ಗೆ ಸೇರಿಕೊಂಡಿದೆ. ಜುಲೈನ ಒಂದು ಗಾಳಿಮಳೆಯ ರಾತ್ರಿ ತೆಂಗಿನ ಮಡಲು ಬಿದ್ದು ಕಂಬದಿಂದ ಮನೆಗೆ ಬರುವ ತಂತಿಗಳಲ್ಲಿ ನ್ಯೂಟ್ರಲ್ ಮಾತ್ರ ತುಂಡಾಯಿತೆಂದು ಇಟ್ಟುಕೊಳ್ಳಿ. ಆ ಕ್ಷಣಕ್ಕೆ ಮನೆಯೊಳಗಿನ ಬಲ್ಬು, ಫ್ಯಾನುಗಳ ಮೂಲಕ ಹಾದ 230 ವೋಲ್ಟ್ ಕಾರಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಟಯರುಗಳು ರಬ್ಬರು, ಆದ್ದರಿಂದ ಅದು ನೆಲಕ್ಕೆ ಇಳಿಯುವುದೂ ಇಲ್ಲ. ಬೆಳಿಗ್ಗೆ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಬಂದು ಬಾಗಿಲಿನ ಹಿಡಿ ಮುಟ್ಟುವವರ ದೇಹವೇ ಅದಕ್ಕೆ ನೆಲದ ದಾರಿ. ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಇಲ್ಲದ ಹಳೆಯ ಮನೆಯಾದರೆ ಅದನ್ನು ತಡೆಯುವವರು ಯಾರೂ ಇಲ್ಲ. ಆರ್‌ಸಿಸಿಬಿ ಇದ್ದರೂ ಈ ತುಂಡು ವಯರು ಅದನ್ನು ಅರ್ಧ ಕುರುಡು ಮಾಡಿರುತ್ತದೆ: ಫೇಸ್‌ನಿಂದ (ಕರೆಂಟು ಬರುವ ತಂತಿಯಿಂದ) ಕಾರಿನ ಮೈಗೆ ಸೋರಿದ ಕರೆಂಟು ನ್ಯೂಟ್ರಲ್‌ನಲ್ಲೇ ವಾಪಸಾಗುವುದರಿಂದ ಹೋದದ್ದೂ ಬಂದದ್ದೂ ಸಮವೆಂದು ತಿಳಿದು ಅದು ಟ್ರಿಪ್ ಆಗುವುದೇ ಇಲ್ಲ. ಯಾರಾದರೂ ಎಲೆಕ್ಟ್ರಿಷಿಯನ್ ಈ ಸಲಹೆ ಕೊಟ್ಟರೆ ಚಹಾ ಕೊಟ್ಟು ಕಳಿಸಿ, ಕೆಲಸ ಕೊಡಬೇಡಿ.

ಸರಿಯಾದ ಕೆಲಸಕ್ಕೆ ದೊಡ್ಡ ಖರ್ಚೇನಿಲ್ಲ. 3 ಮೀಟರ್ ಉದ್ದದ, ತಾಮ್ರ ಲೇಪಿಸಿದ ರಾಡನ್ನು ಸುತ್ತ ತೇವ ಹಿಡಿದಿಡುವ ಅರ್ಥಿಂಗ್ ಕಾಂಪೌಂಡ್ ಪುಡಿ ತುಂಬಿ ಇಳಿಸಬೇಕು. ಮುರಕಲ್ಲಿನಲ್ಲಿ ಹಾರೆಯಿಂದ ಆಗದು, ಕೊರೆಯುವ ಯಂತ್ರವೇ ಬೇಕು. ಆ ಉಳಿತಾಯಕ್ಕೆಂದೇ ಎಷ್ಟೋ ಗುಂಡಿಗಳು ನಾಲ್ಕಡಿಗೆ ನಿಂತಿವೆ. ಇದ್ದಿಲು, ಉಪ್ಪು ಹಾಕಿದ ಹಳೆಯ ಕ್ರಮ ತಪ್ಪಲ್ಲ, ಆದರೆ ಉಪ್ಪು ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪನ್ನೂ ಕ್ಲ್ಯಾಂಪನ್ನೂ ತಿನ್ನುತ್ತದೆ. ಕೆಲವು ವರ್ಷ ಕಳೆದ ಮೇಲೆ ಗುಂಡಿಯ ಮುಚ್ಚಳ ತೆಗೆದು ನೋಡಿದರೆ ಕ್ಲ್ಯಾಂಪಿನ ಜಾಗದಲ್ಲಿ ತುಕ್ಕಿನ ಪುಡಿ ಸಿಗುವುದುಂಟು. ಒಂದು ರಾಡಿಗೆ ಅಂಕಿ ಇಳಿಯದಿದ್ದರೆ ಎರಡನೆಯದನ್ನು ಕನಿಷ್ಠ 3 ಮೀಟರ್ ದೂರದಲ್ಲಿ ಇಳಿಸಿ ಜೋಡಿಸಿ. ಪಕ್ಕಪಕ್ಕದಲ್ಲಿ ಹಾಕಿದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಲಾಭವಿಲ್ಲ. ಜಾಗ ಆರಿಸುವಾಗ ದಿನಾ ನೀರು ಬೀಳುವ ತೆಂಗಿನ ಬುಡ ಅಥವಾ ಬಚ್ಚಲ ನೀರು ಹರಿಯುವ ಬದಿ ನೋಡಿ. ಅಳತೆಯನ್ನು ಮೇ ಕೊನೆಯ ಪತ್ತನಾಜೆಗೆ ಮುಂಚೆ, ನೆಲ ಪೂರ್ತಿ ಒಣಗಿರುವಾಗಲೇ ಮಾಡಿಸಿ. 5 ಓಮ್‌ನೊಳಗಿದ್ದರೆ ನಿಶ್ಚಿಂತೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ಟರೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ಬರಬಾರದು.

ಇನ್ನು ಸಾಕೆಟ್. ಮನೆಯ 15 ಆಂಪಿಯರ್ ಸಾಕೆಟ್ಟು ಗೀಸರಿಗೆ ಅರ್ಧ ಗಂಟೆ ಓಡಲು ಸಾಕು, ಕಾರಿಗೆ ಎಂಟು ಗಂಟೆ ಎಡೆಬಿಡದೆ ಓಡಬೇಕು. ಕಡಲ ಗಾಳಿಗೆ ಅದರೊಳಗಿನ ಹಿತ್ತಾಳೆಗೆ ಕಿಲುಬು ಹಿಡಿದು, ಸ್ಪ್ರಿಂಗು ಸಡಿಲಾಗಿ ಬರೀ 0.2 ಓಮ್ ತಡೆ ಹುಟ್ಟಿದರೂ 15 ಆಂಪಿಯರ್‌ಗೆ ಆ ಒಂದು ಚುಕ್ಕೆಯಲ್ಲಿ 45 ವಾಟ್ ಬಿಸಿ. ಸೋಲ್ಡರಿಂಗ್ ಐರನ್ನಿನಷ್ಟು ಶಾಖ ಪ್ಲಾಸ್ಟಿಕ್ಕಿನೊಳಗೆ ರಾತ್ರಿಯಿಡೀ! ಪಿನ್ನಿನ ಸುತ್ತ ಕಂದು ಬಣ್ಣ, ಸುಟ್ಟ ಮೀನಿನಂಥ ವಾಸನೆ ಬಂದರೆ ಅದೇ ಲಕ್ಷಣ. ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವಯರು, ತುದಿಗೆ ಮುಚ್ಚಳವಿರುವ 16 ಆಂಪಿಯರ್ ಇಂಡಸ್ಟ್ರಿಯಲ್ ಸಾಕೆಟ್, ಬೋರ್ಡಿನಲ್ಲಿ ಅದಕ್ಕೇ ಬೇರೆ ಎಂಸಿಬಿ (ಲೋಡ್ ಮೀರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಮತ್ತು 30 ಮಿಲಿ ಆಂಪಿಯರ್‌ನ ಟೈಪ್ ಎ ಆರ್‌ಸಿಸಿಬಿ ಹಾಕಿಸಿ. ಅಂಗಡಿಯಲ್ಲಿ ಕೇಳದೆ ಕೊಡುವುದು ಟೈಪ್ ಎಸಿ. ಕಾರಿನ ಚಾರ್ಜರ್‌ನಿಂದ ಸೋರುವ ಡಿಸಿ ಅಂಶವಿರುವ ಕರೆಂಟನ್ನು ಅದು ನಂಬಿಕೆಯಿಂದ ಹಿಡಿಯುವುದಿಲ್ಲ. 7 ಕಿಲೋವಾಟ್‌ನ ಗೋಡೆ ಚಾರ್ಜರ್ ಬಹುತೇಕ ಮನೆಗಳಿಗೆ ಬೇಡವೇ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 3.3 ಕಿಲೋವಾಟ್‌ನಲ್ಲಿ 26 ಯೂನಿಟ್ ತುಂಬುತ್ತದೆ. ಅಷ್ಟರಲ್ಲಿ ಸಣ್ಣ ಕಾರು 150 ಕಿಲೋಮೀಟರ್ ಓಡುತ್ತದೆ, ಅಂದರೆ ಮಂಗಳೂರಿನಿಂದ ಮಣಿಪಾಲಕ್ಕೆ ಹೋಗಿ ಬಂದು ಇನ್ನೂ ಉಳಿಯುತ್ತದೆ.

ಕರೆಂಟ್ ಬಿಲ್ಲಿನಲ್ಲೂ ಒಂದು ಗುಂಡಿ ಇದೆ. ಮೀಟರಿನಲ್ಲಿ ಲೆಕ್ಕ ಹಾಕಿದರೆ ಯೂನಿಟ್‌ಗೆ ಸುಮಾರು 6 ಕಿಲೋಮೀಟರ್ ಸಿಗುತ್ತದೆ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರಿಗೆ 165 ಯೂನಿಟ್ ಹೆಚ್ಚುವರಿ. ಮನೆಗೆ 90 ಯೂನಿಟ್ ಬಳಸಿ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಪಡೆಯುತ್ತಿದ್ದವರು 255ಕ್ಕೆ ಹೋಗುತ್ತಾರೆ. 200 ದಾಟಿದ ತಿಂಗಳು ಇಡೀ 255ಕ್ಕೂ ಹಣ ಕಟ್ಟಬೇಕು. ಶೋರೂಮಿನಲ್ಲಿ ತೋರಿಸುವ ಉಳಿತಾಯದ ಚೀಟಿಯಲ್ಲಿ ಇದಕ್ಕೆ ಜಾಗವಿರುವುದಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದುಪಡಿ ಮಾಡಿ, ವಾಹನ ಚಾರ್ಜಿಂಗ್‌ಗೆಂದೇ ಬೇರೆ ಸಂಪರ್ಕ ಕೇಳುವ ಹಕ್ಕನ್ನು ಕೊಟ್ಟಿದೆ. ಬೇರೆ ಮೀಟರ್ ಹಾಕಿಸಿಕೊಂಡರೆ ಮನೆಯ ಬಿಲ್ಲು ಮನೆಯದಾಗಿಯೇ ಉಳಿಯುತ್ತದೆ, ಮಂಜೂರಾದ ಲೋಡ್ ಮೀರಿದ ತಕರಾರೂ ಬರುವುದಿಲ್ಲ.

ಮಳೆಯ ವಿಷಯಕ್ಕೆ ಬರೋಣ. ಐಪಿ67 ಎಂದು ಪ್ರಮಾಣಿತವಾದ ಬ್ಯಾಟರಿ ಪೆಟ್ಟಿಗೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಗಾಳಿಯ ಕೊಳವೆಯಿಂದ ನೀರು ಎಳೆದುಕೊಂಡು ಎಂಜಿನ್ ಕೆಡಿಸಿಕೊಳ್ಳುವುದು ಪೆಟ್ರೋಲ್, ಡೀಸೆಲ್ ಕಾರು. ಬ್ಯಾಟರಿ ಕಾರಿಗೆ ಆ ಕೊಳವೆಯೇ ಇಲ್ಲ. ಹಾಗೆಂದು ನೀರಿಗೆ ಇಳಿಸಬೇಡಿ. ಬಾಗಿಲ ಮಟ್ಟ ಮೀರಿ ನೀರಲ್ಲಿ ನಿಂತ ಕಾರನ್ನು ಆನ್ ಮಾಡದೆ, ಚಾರ್ಜಿಗೆ ಹಾಕದೆ, ನಾಲ್ಕೂ ಚಕ್ರ ಮೇಲಿಡುವ ಟ್ರಕ್ಕಿನಲ್ಲಿ ಸಾಗಿಸಿ ಇನ್ಸುಲೇಷನ್ ಅಳೆಸಬೇಕು. ನಮಗೆ ನಿಜವಾದ ಶತ್ರು ಮಳೆಗಿಂತ ಉಪ್ಪು. ಬ್ಯಾಟರಿ ಕಾರು ನಿಧಾನಿಸುವಾಗ ಮೋಟಾರೇ ತಡೆಯುವುದರಿಂದ ಬ್ರೇಕ್ ಡಿಸ್ಕಿಗೆ ಕೆಲಸ ಕಮ್ಮಿ. ಪೆಟ್ರೋಲ್ ಕಾರಿನಲ್ಲಿ ಪ್ಯಾಡು ದಿನಾ ಉಜ್ಜಿ ತೆಗೆಯುವ ತುಕ್ಕು ಇಲ್ಲಿ ಹಾಗೇ ಕೂರುತ್ತದೆ, ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ನು ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ರೀಜೆನ್ (ಮೋಟಾರಿನ ಈ ತಡೆ) ಕನಿಷ್ಠಕ್ಕೆ ಇಳಿಸಿ, ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಪಿನ್ನಿಗೆ ಗ್ರೀಸ್ ಹಾಕಿಸಿ. ಚಾರ್ಜಿಂಗ್ ಗನ್ನನ್ನು ಮುಚ್ಚಳವಿಲ್ಲದೆ ಹೊರಗೆ ನೇತುಹಾಕಬೇಡಿ, ಅದರ ಪಿನ್ನಿಗೆ ಎಣ್ಣೆಯನ್ನಂತೂ ಹಾಕಲೇಬೇಡಿ.

ಘಟ್ಟದ ಲೆಕ್ಕವನ್ನೂ ಹೇಳಬೇಕು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಜನ ತುಂಬಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಮೇಲೆತ್ತಲು, ಸಪಾಟು ರಸ್ತೆಯ ಖರ್ಚಿನ ಮೇಲೆ ಸುಮಾರು 5 ಯೂನಿಟ್ ಬೇಕು. ಪರದೆಯಲ್ಲಿ ಕಾಣುವ ದೂರದಿಂದ 30–35 ಕಿಲೋಮೀಟರ್ ಕಳೆದುಕೊಂಡೇ ಶಿರಾಡಿ ಘಾಟಿ ಹತ್ತಿ. ಇಳಿಯುವಾಗ ಅದರಲ್ಲಿ ಅರ್ಧಕ್ಕೂ ಹೆಚ್ಚು ವಾಪಸು ಬರುತ್ತದೆ, ಬ್ಯಾಟರಿಯಲ್ಲಿ ಜಾಗ ಇದ್ದರೆ ಮಾತ್ರ. ಆಗುಂಬೆಯಲ್ಲೋ ಸಕಲೇಶಪುರದಲ್ಲೋ 100 ಶೇಕಡಾ ತುಂಬಿಸಿ ನೇರ ಘಟ್ಟ ಇಳಿದರೆ ಮೋಟಾರಿನ ತಡೆ ಸಿಗುವುದಿಲ್ಲ, ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಅದು ಬಿಸಿಯಾಗುತ್ತದೆ. ಮೇಲಿನಿಂದ ಹೊರಡುವಾಗ 85 ಸಾಕು.

ಹಣದ ಮಾತು: ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ₹6.50ಕ್ಕೂ ಹೆಚ್ಚು, ಮನೆಯಲ್ಲಿ ಚಾರ್ಜ್ ಮಾಡುವ ಕಾರಿಗೆ ₹1ರ ಆಸುಪಾಸು. ಬೆಲೆಯ ಅಂತರ ₹3.5 ಲಕ್ಷ ಎಂದಾದರೆ ಅದು ಹುಟ್ಟಲು ಸುಮಾರು 64,000 ಕಿಲೋಮೀಟರ್ ಓಡಬೇಕು. ತಿಂಗಳಿಗೆ 1,500 ಓಡಿಸುವವರಿಗೆ ಮೂರೂವರೆ ವರ್ಷ. ದೇವಸ್ಥಾನ, ಮದುವೆ, ಮಾರ್ಕೆಟ್ಟು ಅಂತ 600 ಓಡಿಸುವವರಿಗೆ ಒಂಬತ್ತು ವರ್ಷ, ಆ ಹೊತ್ತಿಗೆ ಸಾಮಾನ್ಯವಾಗಿ ಕೊಡುವ 8 ವರ್ಷದ ಬ್ಯಾಟರಿ ವಾರಂಟಿ ಮುಗಿದಿರುತ್ತದೆ. ಅಂಥವರು ಇರುವ ಪೆಟ್ರೋಲ್ ಕಾರನ್ನೇ ಚೆನ್ನಾಗಿ ಇಟ್ಟುಕೊಳ್ಳುವುದು ಮೇಲು.

ಕಲ್ಲಿದ್ದಲಿನ ಆಕ್ಷೇಪ ಪೂರ್ತಿ ಸುಳ್ಳಲ್ಲ. ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಕಿಲೋಮೀಟರಿಗೆ 150 ಗ್ರಾಂ. ದೇಶದ ಗ್ರಿಡ್ಡಿನ ಒಂದು ಯೂನಿಟ್‌ಗೆ 0.7 ಕಿಲೋ ಹಿಡಿದರೆ ಬ್ಯಾಟರಿ ಕಾರಿಗೆ 120 ಗ್ರಾಂ. ಕಚ್ಚಾತೈಲ ತಂದು ಶುದ್ಧೀಕರಿಸುವ ಹೊಗೆಯನ್ನು ಪೆಟ್ರೋಲಿನ ಬದಿಗೂ, ಬ್ಯಾಟರಿ ತಯಾರಿಸುವ ಹೊಗೆಯನ್ನು ಈ ಬದಿಗೂ ಸೇರಿಸಬೇಕು. ಲಾಭವಿದೆ, ಜಾಹೀರಾತಿನಲ್ಲಿ ಹೇಳುವಷ್ಟಿಲ್ಲ.

ಕೊನೆಗೆ ಫ್ಲ್ಯಾಟುಗಳು. ಕದ್ರಿ, ಬಿಜೈ, ಮಣಿಪಾಲದ ಕಟ್ಟಡಗಳಲ್ಲಿ ಮೀಟರ್ ಪ್ಯಾನೆಲ್‌ನಿಂದ ನೆಲಮಾಳಿಗೆಯ ಪಾರ್ಕಿಂಗ್‌ಗೆ 40–50 ಮೀಟರ್ ದೂರ. ಅಲ್ಲಿಗೆ 6 ಸ್ಕ್ವೇರ್ ಎಂಎಂ ಕೇಬಲ್ಲೇ ಬೇಕಾಗುತ್ತದೆ, ಎಳೆಯಲು ದಾರಿಯಿರುವುದಿಲ್ಲ, ಅಸೋಸಿಯೇಷನ್ ಒಪ್ಪುವುದಿಲ್ಲ. ಅಸೋಸಿಯೇಷನ್‌ನ ಭಯಕ್ಕೂ ಅರ್ಥವಿದೆ: 100 ಕೆವಿಎ ಟ್ರಾನ್ಸ್‌ಫಾರ್ಮರ್ ಮೇಲೆ ಸಂಜೆ 7ಕ್ಕೆ ಮನೆಗಳ ಬಳಕೆಯ ಜೊತೆಗೆ ಹತ್ತು ಕಾರು 7 ಕಿಲೋವಾಟ್‌ನಂತೆ ಎಳೆದರೆ ಲಿಫ್ಟಿಗೂ ಪಂಪಿಗೂ ಏನೂ ಉಳಿಯದು. ಎಲ್ಲರೂ 3.3ಕ್ಕೆ ಒಪ್ಪಿ, ರಾತ್ರಿ 10ರ ಮೇಲೆ ಹಾಕಿದರೆ ಅದೇ ಟ್ರಾನ್ಸ್‌ಫಾರ್ಮರ್ ಸಾಕು. 2019ರಲ್ಲಿ ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ ಮಾದರಿ ಕಟ್ಟಡ ನಿಯಮಗಳನ್ನು ತಿದ್ದಿ, ಪಾರ್ಕಿಂಗ್‌ನ 20 ಶೇಕಡಾ ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದಿದೆ. ಮಂಗಳೂರು ಮಹಾನಗರ ಪಾಲಿಕೆಯೂ ಉಡುಪಿ ನಗರಸಭೆಯೂ ಕಟ್ಟಡ ಮುಗಿದ ಪ್ರಮಾಣಪತ್ರ ಕೊಡುವ ಮೊದಲು ಪ್ಯಾನೆಲ್‌ನಿಂದ ಪ್ರತಿ ಪಾರ್ಕಿಂಗ್ ಕಂಬದವರೆಗೆ ಒಂದು ಖಾಲಿ ಪೈಪು ಹಾಕಿದ್ದಾರೆಯೇ ಎಂದು ನೋಡಲಿ. ವಿದ್ಯುತ್ ಕಂಪನಿ ಮೆಸ್ಕಾಂ ಚಾರ್ಜಿಂಗ್ ಸಂಪರ್ಕ ಕೊಡುವಾಗ ಬೇಸಿಗೆಯಲ್ಲಿ ಅಳೆದ ಅರ್ಥ್ ಅಂಕಿಯನ್ನು ಅರ್ಜಿಯ ಜೊತೆ ಕೇಳಲಿ.

— ಓರ್ವ ವಿದ್ಯುತ್ ಗುತ್ತಿಗೆದಾರ, ಸುರತ್ಕಲ್